ರೇಣುಕಾ ಅವರ ಮಾತಿಗೆ ನಾನು ಹೇಳಿದ ಅರ್ಥ

ರೇಣುಕಾ ಅವರೇ, ಅಂದು ವಿಚಾರಣೆಯ ಕೋಣೆಯಲ್ಲಿ ನೀವು ಕನ್ನಡದಲ್ಲಿ ಆಡಿದ ಮಾತನ್ನು ನಾನು ತೆಲುಗಿನಲ್ಲಿ ತಿರುಚಿ ಹೇಳಿದೆ. ನೀವು ಹೇಳಿದ್ದೊಂದು, ನಾನು ಹೇಳಿದ್ದೇ ಬೇರೊಂದು. ನಿಮ್ಮ ಕೆಲಸ ಹೋದದ್ದು ಮೇಲಿನವರ ತೀರ್ಮಾನದಿಂದ ಎಂದು ಇವತ್ತಿಗೂ ನಂಬಿದ್ದರೆ, ದಯವಿಟ್ಟು ನಂಬಬೇಡಿ. ಅದು ಹೋದದ್ದು ನನ್ನಿಂದ.

ಇಷ್ಟನ್ನು ಹೇಳಲು ಇಷ್ಟು ವರ್ಷ ಯಾಕೆ ಬೇಕಾಯಿತು ಎಂದು ನೀವು ಕೇಳಬಹುದು. ಕೇಳುವ ಹಕ್ಕು ನಿಮಗಿದೆ. ನಡೆದದ್ದನ್ನು ಮಾತ್ರ ಹೇಳಬಲ್ಲೆ. ಅದರಲ್ಲಿ ನಿಮಗೆ ಗೊತ್ತಿರುವುದು ಅರ್ಧ ಮಾತ್ರ.

ವಿಶಾಖಪಟ್ಟಣದ ನಮ್ಮ ಬ್ಯಾಂಕಿನ ಪ್ರಾದೇಶಿಕ ಕಚೇರಿಯಲ್ಲಿ ಕಂಪ್ಯೂಟರುಗಳ ಜವಾಬ್ದಾರಿ ನನ್ನದಾಗಿತ್ತು. ಅರಸೀಕೆರೆ ಕಡೆಯವನು, ವರ್ಗವಾಗಿ ಬಂದವನು, ಮತ್ತೆ ಕರ್ನಾಟಕಕ್ಕೆ ವರ್ಗ ಸಿಕ್ಕರೆ ಸಾಕು ಎಂದು ಕಾಯುತ್ತಿದ್ದವನು. ನೀವು ಏಜೆನ್ಸಿಯ ಮೂಲಕ ಗುತ್ತಿಗೆಯ ಮೇಲೆ ಬಂದಿದ್ದಿರಿ — ಸಾಲದ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡುವ ಕೆಲಸಕ್ಕೆ. ಬಾಗಲಕೋಟೆ ಕಡೆಯ ಮಾತು, ಯಜಮಾನರು ನೌಕಾಪಡೆಯಲ್ಲಿ, ಪೆಂಡುರ್ತಿಯಲ್ಲಿ ಬಾಡಿಗೆ ಮನೆ, ಶಾಲೆಗೆ ಹೋಗುವ ಮಗಳು. ಕಚೇರಿಯಲ್ಲಾಗಲಿ ಮೇಲಿನವರಲ್ಲಾಗಲಿ ಕನ್ನಡ ಬಲ್ಲವರು ನಾವಿಬ್ಬರೇ. ಹಾಗೆಂದು ನಾನು ಭಾವಿಸಿದ್ದೆ.

ಆಗ ವಿಜಯವಾಡದ ವಲಯ ಕಚೇರಿಯಿಂದ ಸುತ್ತೋಲೆ ಬಂತು. ಎಲ್ಲ ಕಂಪ್ಯೂಟರುಗಳಿಗೂ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಬೇಕು. ಹಳೆಯ ಯಂತ್ರಗಳು ಅದನ್ನು ತಾಳದಿದ್ದರೆ ಬದಲಾಯಿಸಲು ಬರೆಯಬೇಕು. ನಿಮ್ಮ ಸ್ಕ್ಯಾನಿಂಗ್ ಕೋಣೆಯ ಯಂತ್ರಗಳೆಲ್ಲ ಹಳೆಯವೇ. ಹೊಸ ಸಿಸ್ಟಮ್ ಒಳಗೆ ಕೂರುವ ಮೊದಲು ಯಂತ್ರವನ್ನು ತಾನೇ ಪರೀಕ್ಷಿಸುತ್ತದೆ — ಪ್ರೊಸೆಸರ್ ಹೊಸದೇ, ಸುರಕ್ಷತೆಗೆ ಬೇಕಾದ ಚಿಪ್ ಇದೆಯೇ ಎಂದು. ಇಲ್ಲದಿದ್ದರೆ ಒಪ್ಪುವುದಿಲ್ಲ. ನಿಮ್ಮ ಕೋಣೆಯ ಒಂದು ಯಂತ್ರವನ್ನೂ ಅದು ಒಪ್ಪಲಿಲ್ಲ.

ಆದರೆ ಆ ಪರೀಕ್ಷೆಯನ್ನು ತಪ್ಪಿಸುವ ದಾರಿಯೂ ಇತ್ತು. ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ಕಲಿಯಬಹುದಾದದ್ದು. ಒಂದು ಪೆನ್‌ಡ್ರೈವ್‌ನಲ್ಲಿ ಹಾಗೆ ಸಿದ್ಧಮಾಡಿಕೊಂಡು ಬಂದೆ. ಹಾಕುವಾಗ ಪರದೆಯ ಮೇಲೆ ಎಚ್ಚರಿಕೆ ಬಂತು: ಈ ಯಂತ್ರಕ್ಕೆ ಬೆಂಬಲವಿಲ್ಲ, ಮುಂದಿನ ಅಪ್‌ಡೇಟುಗಳು ಸಿಗುವ ಭರವಸೆಯಿಲ್ಲ, ಹಾನಿಯಾದರೆ ಹೊಣೆ ನಿಮ್ಮದು. ಓದಿದೆ. ಒಪ್ಪಿಗೆ ಒತ್ತಿದೆ. ಆಮೇಲೆ ಎಲ್ಲ ಯಂತ್ರಗಳೂ ನಿಯಮದಂತೆ ಇವೆ ಎಂದು ಪ್ರಮಾಣಪತ್ರ ಬರೆದು ವಿಜಯವಾಡಕ್ಕೆ ಕಳಿಸಿದೆ. ಪ್ರದೇಶಗಳಲ್ಲೆಲ್ಲ ಮೊದಲು ಮುಗಿಸಿದವನು ನಾನೇ ಎಂದು ಹೊಗಳಿಕೆ ಬಂತು. ವರ್ಗಾವಣೆಯ ಅರ್ಜಿಗೆ ಇದರಿಂದ ಬಲ ಬರುತ್ತದೆ ಎಂದು — ಹೌದು, ಅಷ್ಟಕ್ಕೇ.

ಅಲ್ಲಿಂದ ನನಗೆ ಅನುಮಾನದ ರೋಗ ಹತ್ತಿತು.

ನೆನಪಿದೆಯೇ, ಒಂದು ಬೆಳಿಗ್ಗೆ ನೀವು ಕರೆದು ಕೇಳಿದಿರಿ: "ಸರ್, ಈ ಮಷಿನ್‌ಗೆ ಸಪೋರ್ಟ್ ಇಲ್ಲ ಅಂತ ಮೂಲ್ಯಾಗ ಬರದ್ ತೋರಸಾಕತ್ತೈತಲ್ರೀ, ಏನದು?"

"ಅದು ಮಾಮೂಲಿ ಅಮ್ಮ, ತಲೆಕೆಡಿಸ್ಕೋಬೇಡಿ," ಎಂದು ಆ ಬರಹ ಕಾಣದಂತೆ ಮಾಡಿದೆ. ನೀವು ಕೆಲಸಕ್ಕೆ ಕೂತಿರಿ. ನೀವು ಮರೆತಿರಬಹುದು; ನಾನು ಮರೆಯಲಿಲ್ಲ. ಯಾಕೆ ಕೇಳಿದರು? ಯಾರಿಗಾದರೂ ಹೇಳಿದರೇ? ನೀವು ಶೇಂಗಾ ಹೋಳಿಗೆ ಡಬ್ಬಿಯಲ್ಲಿ ಹಾಕಿ ನಮ್ಮ ಮನೆಗೆಂದು ಕೊಟ್ಟಾಗ, ತಿನ್ನುತ್ತಲೇ ಯೋಚಿಸಿದೆ — ಇವರಿಗೆ ನನ್ನಿಂದ ಏನು ಬೇಕಾಗಿದೆ? ಎದುರಿನ ಟೇಬಲ್ಲಿನವರು "ಮೀರಿದ್ದರೂ ಕನ್ನಡಂಲೋ ಏಂ ಮಾಟ್ಲಾಡುಕುಂಟಾರಂಡಿ?" ಎಂದು ನಗುತ್ತಾ ನಮ್ಮಿಬ್ಬರ ಮಾತಿನ ಬಗ್ಗೆ ಕೇಳಿದರೆ, ಆ ನಗುವಿನ ಹಿಂದೆಯೂ ಏನೋ ಇದೆ ಎನಿಸುತ್ತಿತ್ತು. ವಿಜಯವಾಡದಿಂದ ಫೋನ್ ಬಂದರೆ ಎತ್ತುವ ಮೊದಲೇ ಮನಸ್ಸಿನಲ್ಲಿ ಉತ್ತರ ಸಿದ್ಧಮಾಡಿಕೊಳ್ಳುತ್ತಿದ್ದೆ.

ಯಂತ್ರಗಳು ಕೆಲವು ತಿಂಗಳು ಚೆನ್ನಾಗಿಯೇ ನಡೆದವು. ಆಮೇಲೆ ಒಂದೊಂದೇ ತೊದಲತೊಡಗಿದವು. ಅಪ್‌ಡೇಟ್ ಬಂದು ಅರ್ಧಕ್ಕೆ ನಿಲ್ಲುವುದು, ತಾನಾಗಿ ಆಫ್ ಆಗಿ ಆನ್ ಆಗುವುದು. ನಿಮ್ಮ ಯಂತ್ರಕ್ಕೆ ಮತ್ತೊಮ್ಮೆ ಸಿಸ್ಟಮ್ ಹಾಕಬೇಕಾಗಿ ಬಂತು. ಅವತ್ತು ಮನೆಗೆ ಹೋಗುವ ಗಡಿಬಿಡಿಯಲ್ಲಿ ಆ ಪೆನ್‌ಡ್ರೈವ್ ಅಲ್ಲೇ ಬಿಟ್ಟೆ. ಕಚೇರಿಯಲ್ಲಿ ಪೆನ್‌ಡ್ರೈವ್ ಬಳಸುವುದು ನನ್ನ ಹೊರತು ಎಲ್ಲರಿಗೂ ನಿಷೇಧ ಎಂಬುದು ನಿಮಗೆ ಗೊತ್ತಿತ್ತು.

ಮರುದಿನ ನೀವೇ ತಂದುಕೊಟ್ಟಿರಿ. "ಸರ್, ನಿಮ್ಮದು ಇಲ್ಲೇ ಉಳದಿತ್ತು. ಬ್ಯಾರೇಯವರ ಕೈಗೆ ಸಿಗೂದು ಬ್ಯಾಡಂತ ತಗದಿಟ್ಟಿದ್ದೆ."

ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ನನಗೆ ಕೇಳಿಸಿದ್ದು ಬೇರೆ. ಬೇರೆಯವರ ಕೈಗೆ ಸಿಗುವುದು ಬೇಡ — ಯಾಕೆ ಬೇಡ? ಅದರಲ್ಲಿ ಏನಿದೆ ಎಂದು ಇವರಿಗೆ ಗೊತ್ತಾಗಿದೆಯೇ? ಮನೆಗೆ ಒಯ್ದು ತೆರೆದು ನೋಡಿದರೇ? ಥ್ಯಾಂಕ್ಸ್ ಕೂಡ ಹೇಳಲಿಲ್ಲ ನಾನು.

ಸ್ವಲ್ಪ ದಿನದಲ್ಲೇ ಆಗಬಾರದ್ದು ಆಯಿತು. ಒಂದು ಅಪ್‌ಡೇಟ್ ಬಂದ ಮೇಲೆ ಸ್ಕ್ಯಾನಿಂಗ್ ಕೋಣೆಯ ಯಂತ್ರಗಳು ಏಳಲೇ ಇಲ್ಲ. ಸ್ಕ್ಯಾನ್ ಮಾಡಿ ಇಟ್ಟಿದ್ದ ದಾಖಲೆಗಳು, ಸರ್ವರಿಗೆ ಹೋಗದೆ ಉಳಿದವು, ಎಲ್ಲ ಹೋದವು. ಅದು ನನ್ನ ಕೆಲಸದ ಫಲ ಎಂದು ಪರದೆ ನೋಡಿದ ಕೂಡಲೇ ನನಗೆ ತಿಳಿಯಿತು. ಕಚೇರಿಯಲ್ಲಿ ಮಾತ್ರ ಬೇರೆ ಮಾತು ಹಬ್ಬಿತು — ಯಾರೋ ವೈರಸ್ ಬಿಟ್ಟಿದ್ದಾರೆ, ಯಾರೋ ಬೇಕೆಂದೇ ಅಳಿಸಿದ್ದಾರೆ. ಒಬ್ಬರು ಬಂದರೆ ಇನ್ನೊಬ್ಬರು ಪರದೆಯ ಕಿಟಕಿ ಮುಚ್ಚುವುದು, ಕ್ಯಾಂಟೀನಿನಲ್ಲಿ ಮಾತು ನಿಲ್ಲಿಸುವುದು. ಆ ಮಾತನ್ನು ನಾನು ತಡೆಯಲಿಲ್ಲ. ತಡೆಯಬಲ್ಲವನು ನಾನೊಬ್ಬನೇ ಆಗಿದ್ದೆ.

ವಿಜಯವಾಡದಿಂದ ರಾಮಮೋಹನರಾವ್ ಅವರು ವಿಚಾರಣೆಗೆ ಬಂದರು. ಕ್ಯಾಮೆರಾದ ದೃಶ್ಯ ತೆಗೆಸಿದರು. ಸಂಜೆ, ಖಾಲಿ ಕೋಣೆ. ನೀವು ಬ್ಯಾಗು ಹೆಗಲಿಗೆ ಹಾಕಿಕೊಂಡವರು ತಿರುಗಿ ಬಂದು, ಯಂತ್ರದಿಂದ ಪೆನ್‌ಡ್ರೈವ್ ಕಿತ್ತು, ಬ್ಯಾಗಿನೊಳಗೆ ಹಾಕಿಕೊಳ್ಳುತ್ತೀರಿ. ಅಷ್ಟೇ. ಅಷ್ಟೇ ಸಾಕಾಯಿತು; ಅದನ್ನು ಹಾಕಿದ್ದು ಯಾರೆಂದು ಅದಕ್ಕೂ ಹಿಂದಿನ ದೃಶ್ಯವನ್ನು ಯಾರೂ ಕೇಳಲಿಲ್ಲ. "ನೇವಿ ಅವರ ಮನೆಯಾಕೆ, ಪೆನ್‌ಡ್ರೈವ್ ಅಂದ್ರೆ…" ಎಂದು ಒಬ್ಬರು ಮಾತು ಅರ್ಧಕ್ಕೆ ಬಿಟ್ಟರು. ಹಾಗೆ ಅರ್ಧಕ್ಕೆ ಬಿಟ್ಟ ಮಾತು ಬೇಹುಗಾರಿಕೆಯವರೆಗೂ, ನಿಮ್ಮ ಯಜಮಾನರ ನೌಕರಿಯವರೆಗೂ ಮುಟ್ಟಬಹುದು ಎಂದು ನನಗೆ ಗೊತ್ತಿತ್ತು. ನಿಮ್ಮ ಯಜಮಾನರ ಹಡಗು ಆಗ ಸಮುದ್ರದಲ್ಲಿತ್ತು.

ನಿಮ್ಮನ್ನು ಕರೆಸಿದರು. ನನ್ನನ್ನೂ ಕೂರಿಸಿದರು — ಯಂತ್ರ ತಿಳಿದವನೆಂದು, ನಿಮ್ಮ ಭಾಷೆ ಬಲ್ಲವನೆಂದು. ಮೊದಲು ನನ್ನನ್ನೇ ಕೇಳಿದರು: "ಯಂತ್ರಗಳಲ್ಲೇ ಏನಾದರೂ ದೋಷ ಇತ್ತೇ?"

"ಇಲ್ಲ ಸರ್. ಎಲ್ಲ ನಿಯಮದಂತೆ ಇವೆ."

ಆಮೇಲೆ ನಿಮ್ಮ ಮುಂದೆ ಆ ದೃಶ್ಯ ತೋರಿಸಿದರು. ನೀವು ಗಾಬರಿಯಾಗಲಿಲ್ಲ, ಅದನ್ನು ನಾನು ಗಮನಿಸಿದೆ. ನಿಮಗೆ ಹಿಂದಿ ಚೆನ್ನಾಗಿ ಬರುತ್ತಿತ್ತು, ಸತ್ಯವನ್ನು ಅವರಿಗೇ ನೇರ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ, ಕನ್ನಡದಲ್ಲಿ ಹೇಳಿದಿರಿ:

"ಸರ್, ಅದು ನಿಮ್ದ ಐತಿ ಅಂತ ನೀವ ಹೇಳಿಬಿಡ್ರಿ. ನಾ ಹೇಳಿದ್ರ ದೂರು ಹೇಳ್ದಂಗ ಆಕ್ಕೈತಿ. ನೀವ ಹೇಳಿದ್ರ ನಿಮ್ಮ ಮರ್ಯಾದಿನೂ ಉಳೀತೈತಿ."

ನನ್ನ ಮರ್ಯಾದೆ ಉಳಿಸಲು ನೀವು ಕನ್ನಡದಲ್ಲಿ ಮಾತಾಡಿದಿರಿ. ರಾವ್ ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಏಮಂಟುನ್ನಾರು?" — ಏನಂತಾರೆ?

ನಾನು ತೆಲುಗಿನಲ್ಲಿ, ನಿಮಗೆ ಹಿಡಿಯಲಾಗದಷ್ಟು ಬೇಗ ಹೇಳಿದೆ: "ತೆಲಿಯಕ ವಾಡೇಶಾನು, ಇಂಕೆಪ್ಪುಡೂ ಚೆಯ್ಯನು ಅಂಟುನ್ನಾರು ಸರ್." ತಿಳಿಯದೆ ಬಳಸಿಬಿಟ್ಟೆ, ಇನ್ನೆಂದೂ ಮಾಡುವುದಿಲ್ಲ ಅಂತಾರೆ.

ರಾವ್ ಅವರು ನಿಮ್ಮ ಮುಖ ನೋಡಿದರು. ನೀವು ತಲೆಯಾಡಿಸಿದಿರಿ. ನಾನು ನಿಜ ಹೇಳಿದೆನೆಂದು ನಂಬಿ, ಹೌದು ಹೌದೆಂದು ತಲೆಯಾಡಿಸಿದಿರಿ. ಎದ್ದು ಹೋಗುವಾಗ ನನ್ನ ಕಡೆ ನೋಡಿ ಒಂದು ಸಣ್ಣ ನಗು ನಕ್ಕಿರಿ. ಆ ನಗು — ಬೇಡ, ಅದರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ.

ಏಜೆನ್ಸಿಯವರು ನಾಳೆಯಿಂದ ಬರಬೇಡಿ ಎಂದ ದಿನ ನೀವು ಫೋನ್ ಮೇಲೆ ಫೋನ್ ಮಾಡಿದಿರಿ. ಕೊನೆಗೊಮ್ಮೆ ಎತ್ತಿದೆ.

"ಸರ್, ನೀವು ಖರೇ ಹೇಳಿದ್ರಲ್ಲ, ಆದ್ರೂ ಯಾಕ ತಗದ್ರು?"

"ಮೇಲಿನವರ ತೀರ್ಮಾನ ಅಮ್ಮ. ನನ್ನ ಕೈಲಿ ಏನಿದೆ?"

"ಆತು ಬಿಡ್ರಿ. ನೀವಾದ್ರೂ ನನ್ನ ಪರ ಮಾತಾಡಿದ್ರಿ, ಅಷ್ಟ ಸಾಕು," ಎಂದಿರಿ.

ಎಂವಿಪಿ ಕಾಲೋನಿಯ ನಮ್ಮ ಮನೆಗೆ ನೀವು ಮಗಳೊಂದಿಗೆ ಭಾನುವಾರ ಬರುತ್ತಿದ್ದವರು. ಮನೆಯಲ್ಲಿ ತೆಲುಗಿನಲ್ಲೇ ಮಾತಿಗಿಳಿಯುವ ನನ್ನ ಮಗ ನಿಮ್ಮ ಮಗಳ ಜೊತೆಗಾದರೂ ಕನ್ನಡ ಮಾತಾಡುತ್ತಾನೆ ಎಂದು ನನ್ನ ಹೆಂಡತಿಗೆ ಹಿಗ್ಗು. "ರೇಣುಕಾ ಯಾಕ್ರೀ ಬರ್ತಾನೇ ಇಲ್ಲ?" ಎಂದು ಅವಳು ಕೇಳಿದಾಗ, "ಆಫೀಸಲ್ಲಿ ಅವರ ಬಗ್ಗೆ ಏನೇನೋ ಕೇಳಿಬರ್ತಿದೆ, ದೂರ ಇರೋದು ಒಳ್ಳೇದು," ಎಂದೆ. ಅವಳು ಮತ್ತೆ ಕೇಳಲಿಲ್ಲ. ನಿಮಗೆ ಫೋನೂ ಮಾಡಲಿಲ್ಲ. ನಿಮ್ಮ ಕೆಲಸ ಕಳೆದದ್ದಲ್ಲದೆ ನಿಮಗಿದ್ದ ಒಂದು ಮನೆಯ ಬಾಗಿಲನ್ನೂ ಮುಚ್ಚಿದೆ. ಯಜಮಾನರು ತಿರುಗಿ ಬರುವ ಮೊದಲೇ ನೀವು ಮಗಳನ್ನು ಕರೆದುಕೊಂಡು ಬಾಗಲಕೋಟೆಗೆ ಹೋದಿರಿ ಎಂದು ಯಾರೋ ಹೇಳಿದರು. ಕೇಳಿ ನನಗೆ ಸಮಾಧಾನವೇ ಆಯಿತು. ಇದನ್ನೂ ಮುಚ್ಚಿಡುವುದಿಲ್ಲ.

ಹಳೆಯ ಯಂತ್ರಗಳನ್ನು ಸದ್ದಿಲ್ಲದೆ ಬದಲಾಯಿಸಿದರು. ನನಗೆ ಬಡ್ತಿ ಬಂತು, ಕರ್ನಾಟಕಕ್ಕಲ್ಲ, ವಿಜಯವಾಡಕ್ಕೆ. ರಾವ್ ಅವರ ಕೈಕೆಳಗೇ. ಅವರು ಎಂದೂ ಆ ವಿಷಯ ಎತ್ತಲಿಲ್ಲ. ಆದರೆ ಮೀಟಿಂಗಿನಲ್ಲಿ ನಾನು ಏನಾದರೂ ಖಚಿತವಾಗಿ ಹೇಳಿದಾಗೆಲ್ಲ ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡುತ್ತಿದ್ದರು. ಯಾಕೆ ನೋಡುತ್ತಾರೆ? ನಾನು ಹೇಳಿದ್ದನ್ನೇ ಇನ್ನೊಬ್ಬರ ಬಳಿ ಯಾಕೆ ಮತ್ತೆ ಕೇಳುತ್ತಾರೆ? ಇದು ನನ್ನ ಭ್ರಮೆ ಎಂದುಕೊಂಡೆ, ವರ್ಷಗಟ್ಟಲೆ.

ಈಚೆಗೆ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ, ಹಾರ ಹಾಕಿಸಿಕೊಂಡು ಎಲ್ಲರ ಕೈಕುಲುಕುತ್ತಾ ನನ್ನ ಹತ್ತಿರ ಬಂದವರು ಸ್ವಚ್ಛ ಕನ್ನಡದಲ್ಲಿ ಕೇಳಿದರು: "ಮತ್ತೆ, ವರ್ಗ ಸಿಗಲಿಲ್ಲವಾ ನಿಮಗೆ?"

ಅಷ್ಟು ವರ್ಷದಲ್ಲಿ ಅವರು ನನ್ನೊಡನೆ ಕನ್ನಡದಲ್ಲಿ ಒಂದು ಮಾತೂ ಆಡಿರಲಿಲ್ಲ.

ಎರಡು ದಿನ ತಡೆದೆ. ಆಮೇಲೆ ಅವರ ಮನೆಗೆ ಹೋದೆ. ಕಾಫಿ ಕೊಟ್ಟರು. ನಾನೇ ಕೇಳಿದೆ — ಸರ್, ಕನ್ನಡ?

"ಬಳ್ಳಾರಿಯಾಗೆ ನಮ್ಮಪ್ಪನಿಗೆ ಕೆಲಸ ಇತ್ತು ಕಣ್ರೀ. ನಾನು ಓದಿದ್ದೆಲ್ಲ ಅಲ್ಲೇ."

"ಹಾಗಾದರೆ ಅವತ್ತು…"

"ಆಯಮ್ಮ ಏನಂದ್ಲು ಅಂತ ಪೂರ್ತಿ ತಿಳೀತು. ನೀವೇನು ಹೇಳ್ತೀರ ನೋಡಾಣ ಅಂತ ಕೇಳ್ದೆ."

"ಮತ್ತೆ ಯಾಕೆ ಸುಮ್ಮನಿದ್ದಿರಿ?"

"ನಿಮ್ಮ ಸರ್ಟಿಫಿಕೇಟ್ ಮೇಲೆ ನನ್ನ ಸೈನೂ ಇತ್ತಲ್ಲ. ಪರ್ಮನೆಂಟ್ ಆಫೀಸರನ್ನ ಹಿಡಿದ್ರೆ ವಿಷಯ ದೊಡ್ಡದಾಗ್ತಿತ್ತು. ಆಯಮ್ಮ ಗುತ್ತಿಗೆಯವಳು." ಕಾಫಿ ಲೋಟ ಕೆಳಗಿಟ್ಟರು. "ಬಿಡ್ರಿ ಈಗ. ಯಾರು ಕೇಳ್ತಾರೆ?"

ಅವರನ್ನು ದೂರಿ ನನ್ನ ಭಾರ ಇಳಿಸಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಅವರು ಬಾಯಿ ಮುಚ್ಚಿದ್ದು ನಾನು ಸುಳ್ಳು ಹೇಳಿದ ಮೇಲೆ. ಅವರ ಮನೆಯ ಮೆಟ್ಟಿಲು ಇಳಿಯುವಾಗ ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಅವರ ನೆಮ್ಮದಿ. ಇನ್ನು ಕೆಲವು ವರ್ಷಕ್ಕೆ ನಾನೂ ಹೀಗೇ ಕೂತು, ಹೀಗೇ ಯಾರಿಗೋ ಕಾಫಿ ಕೊಟ್ಟು, ಬಿಡ್ರಿ ಎನ್ನುತ್ತೇನೆ. ನಿಮ್ಮನ್ನು, ನಮ್ಮ ಕಚೇರಿಯವರನ್ನು, ಬಂದ ಪ್ರತಿ ಫೋನನ್ನು ಅನುಮಾನಿಸಿದವನು, ಅನುಮಾನಕ್ಕೆ ನಿಜವಾಗಿ ಯೋಗ್ಯನಾದ ಒಬ್ಬನನ್ನು, ನನ್ನನ್ನು ಮಾತ್ರ…

ಮೊದಲು ಹೆಂಡತಿಗೆ ಹೇಳಿದೆ. ಅವಳು, "ನಾನೂ ಅವಳಿಗೊಂದು ಫೋನ್ ಮಾಡ್ಲಿಲ್ಲವಲ್ಲ," ಎಂದಳು. ನನ್ನನ್ನು ಬೈಯಲಿಲ್ಲ. ಅವತ್ತಿನಿಂದ ನಾನು ಏನು ಹೇಳಿದರೂ ಒಂದು ಕ್ಷಣ ತಡೆದು ನೋಡುತ್ತಾಳೆ, ನಿಜವೋ ಅಲ್ಲವೋ ಎಂಬಂತೆ. ನೋಡಲಿ.

ಆಮೇಲೆ ಬ್ಯಾಂಕಿನ ವಿಜಿಲೆನ್ಸ್ ವಿಭಾಗದ ಮುಂದೆ ಕೂತು ಎಲ್ಲ ಹೇಳಿದೆ — ಯಂತ್ರಗಳ ವಿಷಯ, ಪೆನ್‌ಡ್ರೈವ್ ನನ್ನದೆಂಬುದು, ನಿಮ್ಮ ಮಾತನ್ನು ತಿರುಚಿದ್ದು. ವಿಚಾರಣೆ ಶುರುವಾಗಿದೆ. ನನಗೇನಾಗಬೇಕೋ ಅದು ಆಗಲಿ. ನಿಷೇಧವಿದ್ದರೂ ಪೆನ್‌ಡ್ರೈವ್ ಬಳಸಿದರೆಂದು ನಿಮ್ಮ ಹೆಸರಿನ ಮೇಲೆ ಬರೆದಿರುವ ಷರಾ ಅಳಿಸಬೇಕೆಂದು ಕೇಳಿದ್ದೇನೆ. ಅದು ಆಗುವವರೆಗೂ ಕೇಳುತ್ತಲೇ ಇರುತ್ತೇನೆ. ಕ್ಷಮೆ ಕೇಳಲು ನಿಮ್ಮ ಬಾಗಿಲಿಗೆ ಬರುವುದಿಲ್ಲ. ಬಂದರೆ ನೀವು ಒಳಗೆ ಕರೆದು ಊಟಕ್ಕೆ ಕೂರಿಸುತ್ತೀರಿ. ನಿಮ್ಮ ಸ್ವಭಾವವೇ ಅದು. ಅದನ್ನು ಇನ್ನೊಮ್ಮೆ ಬಳಸಿಕೊಳ್ಳಲಾರೆ.

ವಿಜಿಲೆನ್ಸ್‌ನವರು ನಿಮ್ಮನ್ನು ಕರೆಯಬಹುದು. ಹೋಗುವುದು ಬಿಡುವುದು ನಿಮ್ಮಿಷ್ಟ. ಹೋದರೆ ನಾನು ಆ ಕೋಣೆಯಲ್ಲಿ ಇರುವುದಿಲ್ಲ, ಹಾಗೆಂದು ಅವರಿಗೆ ಹೇಳಿಯಾಗಿದೆ. ಹಿಂದಿಯಲ್ಲೇ ಹೇಳಿ, ಅವರ ಮುಖ ನೋಡಿಯೇ ಹೇಳಿ, ಎಲ್ಲವನ್ನೂ ಹೇಳಿ. ಈ ಸಲ ನನ್ನ ಮುಲಾಜು ಇಟ್ಟುಕೊಳ್ಳಬೇಡಿ.