ಅಪ್ಪನ ಚುಟ್ಟಾ, ನನ್ನ ಗೇಣು

ಇವತ್ತು ಬೆಳಿಗ್ಗೆ ಅಪ್ಪ ತೀರಿಕೊಂಡರು. ಸಾಗರದ ಆಸ್ಪತ್ರೆಯ ನರ್ಸ್ ಅವರ ಬಟ್ಟೆಯ ಜೊತೆ ಕನ್ನಡಕದ ಡಬ್ಬಿಯೊಂದನ್ನು ಕೊಟ್ಟು, “ಒಳಗೆ ಕನ್ನಡಕ ಇದ್ಯಾ, ನೋಡ್ಕಳಿ” ಎಂದರು. ಡಬ್ಬಿಯಿಂದ ಹೊಗೆಸೊಪ್ಪಿನ ವಾಸನೆ ಬಂತು.

ಜೋಗದ ಪವರ್‌ಹೌಸಿನಲ್ಲಿ ಕೆಲಸಕ್ಕಿದ್ದಾಗ ಅಪ್ಪನ ಚುಟ್ಟಾ ಜೇಬಿನಲ್ಲೇ ಮುರಿಯುತ್ತಿತ್ತು. ಸೋಪಿನ ಡಬ್ಬಿಯಲ್ಲಿಟ್ಟು ನೋಡಿದರೆ ಅದು ಉದ್ದವಾಯಿತು. ಸರಿಯಾಗಿ ಆಗಿನ ನನ್ನ ಪುಟ್ಟ ಕೈಯ ಒಂದು ಗೇಣು. ಕನ್ನಡಕದ ಡಬ್ಬಿಯಾದರೆ ಹಿಡಿಸೀತು ಅನ್ನಿಸಿತು; ಆದರೆ ಚುಟ್ಟಾ ಹಿಡಿದು ಕನ್ನಡಕದ ಅಂಗಡಿಗೆ ಹೋಗಲು ನಾಚಿಕೆಯಾಗಿ, ಅಳತೆಗೆ ನನ್ನನ್ನೇ ಕರೆದೊಯ್ದರು.

“ಗೇಣು ಹಾಕು ಮಗಾ” ಎಂದು ಪಿಸುಗುಟ್ಟಿದರು. ಮೂರನೇ ಡಬ್ಬಿ ಸರಿಹೋಯಿತು.

“ಕನ್ನಡಕ ಯಾರಿಗೆ?” ಎಂದು ಅಂಗಡಿಯವರು ಕೇಳಿದರು.

“ಮುಂದೆ ಬೇಕಾಗ್ತದೆ” ಎಂದರು ಅಪ್ಪ. ಕೊನೆಯವರೆಗೂ ಬೇಕಾಗಲಿಲ್ಲ.

ಈಗ ಆಸ್ಪತ್ರೆಯಲ್ಲಿ ಡಬ್ಬಿ ತೆರೆಯದೆ ಅದರ ಮೇಲೆ ಗೇಣು ಹಾಕಿದೆ. ಕಿರುಬೆರಳು ಆಚೆ ಹೋಯಿತು. ಅಳು ಬರಲಿಲ್ಲ.

“ಕನ್ನಡಕ ಇದೆ” ಎಂದು ನರ್ಸಿಗೆ ಹೇಳಿ ಸಹಿ ಹಾಕಿದೆ.