ಎರಡರಿಂದ ಮೂರು: ವಿಶ್ರಾಂತಿ

ಆ ಮಂಗಳವಾರ ನನ್ನ ಗಂಡ ಡೆಲ್ಫಸ್ ಜೋಳದ ಗಂಜಿಗೆ ಬೆಣ್ಣೆ ಹೆಚ್ಚಾಗಿ ಹಾಕಿಕೊಂಡ. ಡಾಕ್ಟರು ಬೇಡವೆಂದಿದ್ದರು. ನೋಡಿಯೂ ಬೆಣ್ಣೆ ಬಟ್ಟಲು ಎತ್ತಿಡಲಿಲ್ಲ. ಅವನ ಮುಂದೆ ಅಮೆರಿಕದ ಹಿಂದಿನ ಅಧ್ಯಕ್ಷರ ಬಗ್ಗೆ ಹೊಸದಾಗಿ ಬಂದ ದಪ್ಪ ಪುಸ್ತಕವಿತ್ತು.

"ಅರ್ವೆಲಾ, ಇಲ್ನೋಡೇ. ಯುದ್ಧದಲ್ಲಿ ಸತ್ತೋರ ತಾಯಂದಿರಲ್ಲಿ ಒಬ್ರನ್ನೂ ಅಧ್ಯಕ್ಷರು ಕಾಣ್ಲಿಲ್ವಂತೆ. ಆ ತಾಯಿ ಬಂದಿದ್ದ ಗುರುವಾರ ಮಧ್ಯಾಹ್ನ ಎರಡರಿಂದ ಮೂರು ಮಲಗಿದ್ರಂತೆ!"

"ಹಾಗಂತ ಬರೆದೋನು ನೀನೇ ಅಲ್ವಾ?" ಎಂದೆ.

ಅವನು ನಗಲಿಲ್ಲ.

ವರ್ಜೀನಿಯಾದ ಬೆಟ್ಟದ ಮೇಲೆ ಅಧ್ಯಕ್ಷರು ಬೇಸಿಗೆಗೆ ಬರುತ್ತಿದ್ದ ಮನೆಯ ಹಿಂಬಾಗಿಲನ್ನು ಡೆಲ್ಫಸ್ ಟಾಲಿವರ್ ಹನ್ನೊಂದು ವರ್ಷ ಕಾದ. ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು, ಅಧ್ಯಕ್ಷರು ಆಗ ಏನು ಮಾಡುತ್ತಿದ್ದರು, ಎಲ್ಲ ಪೆನ್ಸಿಲಿನಲ್ಲಿ ಬರೆದಿಡುವುದು ಅವನ ಕೆಲಸ. ಪುಸ್ತಕ ಬರೆಯುವವರು ಈಗ ಅದನ್ನೇ ನೋಡಿ ಬರೆಯುತ್ತಾರೆ. ಅವನು ಓದಿದ್ದು ಆರನೇ ಕ್ಲಾಸು. ನಾನು ಅಷ್ಟೂ ಇಲ್ಲ.

ಆ ಗುರುವಾರ ಕೆರೊಲಿನಾದಿಂದ ಓಜೆಟಾ ರೂಕರ್ ಎಂಬ ಹೆಂಗಸು ಬಂದಿದ್ದಳು. ಮಗ ಯುದ್ಧದಲ್ಲಿ ಸತ್ತಿದ್ದ. ಅಧ್ಯಕ್ಷರು ಅಡುಗೆಮನೆಯ ಬೆಂಚಿನ ಮೇಲೆ ಅವಳ ಪಕ್ಕ ಒಂದು ಗಂಟೆ ಕೂತಿದ್ದರು. ಅವಳು ಅಳಲಿಲ್ಲವಂತೆ. ಅವರು ಅತ್ತರಂತೆ. ಅವಳನ್ನು ಕಳಿಸಿ ಬಂದು, "ವಿಶ್ರಾಂತಿ ಅಂತ ಬರ್ಕೊಳ್ಳಪ್ಪ" ಎಂದರು. ಡೆಲ್ಫಸ್ ಬರೆದ.

ಅಧ್ಯಕ್ಷರು ತನ್ನ ಪಕ್ಕ ಕೂತು ಅತ್ತರೆಂಬ ಓಜೆಟಾಳ ಮಾತನ್ನು ಅವಳ ಊರು ನಂಬಲಿಲ್ಲ. ಅಧ್ಯಕ್ಷರ ನೆಂಟರು ಬಂದರು ಎಂದು ಆಡಿಕೊಂಡು ನಕ್ಕರು. ಪುಸ್ತಕ ಬಂದ ಮೇಲೆ ಅವಳ ಚರ್ಚಿನ ಪಾದ್ರಿಯೇ ಆ ಪುಟ ತೆರೆದು ತೋರಿಸಿದನಂತೆ. ಅವಳು ಡೆಲ್ಫಸ್‌ಗೆ ಕಾಗದ ಬರೆದಳು: ನೀವು ಕಣ್ಣಾರೆ ಕಂಡಿದ್ದೀರಿ, ಒಂದು ಸಾಲು ಬರೆದುಕೊಡಿ.

ಆ ಮಂಗಳವಾರ ಅವನು ಬರೆದ. ನಾಲ್ಕು ಸಾಲು.

"ಬಾಗಿಲು ಕಾಯೋರು ಬಾಯಿ ಬಿಡಬಾರ್ದು ಅಂತ ನೀನೇ ಹೇಳ್ತಿದ್ದೆ. ನಾಳೆ ಪೇಪರಿನೋರು ಬಂದು ನಮ್ಮ ಮೆಟ್ಟಿಲ ಮೇಲೆ ಕೂರ್ತಾರೆ, ನೋಡ್ತಿರು" ಎಂದೆ.

"ಕೂರ್ಲಿ ಬಿಡು. ನೀನು ಮಾಡೋ ಬಿಸ್ಕತ್ತು ಕೊಟ್ರೆ ತಾವಾಗೇ ಎದ್ದು ಓಡ್ತಾರೆ."

ಆಮೇಲೆ ಮೆತ್ತಗೆ ಹೇಳಿದ: "ಆ ಹೆಂಗ್ಸನ್ನ ಸುಳ್ಳುಗಾರ್ತಿ ಮಾಡಿದ್ದು ನನ್ನ ಪೆನ್ಸಿಲ್ಲು ಕಣೇ. ಇವತ್ತೇ ಅಂಚೆಗೆ ಹಾಕ್ಬಿಡು."

ನಾನು ಕಾಗದವನ್ನು ಅಂಚೆಗೆ ಹಾಕದೆ ಹಿಟ್ಟಿನ ಡಬ್ಬದ ಕೆಳಗಿಟ್ಟೆ. ಸಂಜೆ ಕೇಳಿದ. ಹಾಕಿದೆ ಎಂದೆ. "ಒಳ್ಳೇದಾಯ್ತು" ಎಂದ. ಬೆಳಗ್ಗೆ ಏಳಲಿಲ್ಲ.

ಮಣ್ಣು ಮಾಡುವ ದಿನ ನಮ್ಮ ಪಾದ್ರಿ, ಡೆಲ್ಫಸ್ ಹನ್ನೊಂದು ವರ್ಷದಲ್ಲಿ ಒಂದು ತಪ್ಪೂ ಬರೆದವನಲ್ಲ ಎಂದರು. ನಾನು ಹೌದೆಂದು ತಲೆಯಾಡಿಸಿದೆ.

ಎರಡು ತಿಂಗಳ ಮೇಲೆ ಕಾಗದ ಹಾಕಿದೆ. ಓಜೆಟಾಳ ಮಗಳು ಉತ್ತರ ಬರೆದಳು. ಅಮ್ಮ ಹೋಗಿ ಮೂರು ವಾರವಾಯಿತು, ಕೊನೆಯವರೆಗೂ ಅಂಚೆಯವನನ್ನು ಕೇಳುತ್ತಿದ್ದರು, ನಿಮ್ಮವರ ನಾಲ್ಕು ಸಾಲನ್ನು ಚರ್ಚಿನಲ್ಲಿ ಗಟ್ಟಿಯಾಗಿ ಓದಿಸಿದೆವು ಎಂದು. ಯಾಕೆ ತಡವಾಯಿತೆಂದು ಅವಳು ಕೇಳಿರಲಿಲ್ಲ. ನಾನೂ ತಿಳಿಸಲಿಲ್ಲ. ಇಲ್ಲಿ ಬರೆದಿದ್ದೇನೆ.

ನಿಮಿಷ ತಪ್ಪಬಾರದೆಂದು ಡೆಲ್ಫಸ್ ದಿನವೂ ಬೆಳಗ್ಗೆ ಏಳರ ರೇಡಿಯೊ ಕೇಳಿ ಕೈಗಡಿಯಾರ ಸರಿಮಾಡುತ್ತಿದ್ದ. ಈಗ ನಾನು ಮಾಡುತ್ತೇನೆ. ಕೀಲಿ ಕೊಡುತ್ತೇನೆ, ಮುಳ್ಳು ಸರಿಸುತ್ತೇನೆ, ಹಿಟ್ಟಿನ ಡಬ್ಬದ ಪಕ್ಕ ಇಡುತ್ತೇನೆ.