ಗುರೆಳ್ಳಿನ ಹೂವಿಗೆ ಯಾರೂ ಬರಲಿಲ್ಲ

ಇಲ್ಲಿ ಬರೆಯುವ ಕೆಲವು ವಿವರ ತಪ್ಪಿರಬಹುದು. 2022ರಲ್ಲಿ ನಾನು ರಾಯಚೂರಿನ ಒಂದು ಕೃಷಿ ವಿಸ್ತರಣಾ ಕೇಂದ್ರದಲ್ಲಿ ಕೀಟಶಾಸ್ತ್ರದ ವಿಷಯತಜ್ಞೆಯಾಗಿದ್ದೆ, ಅದು ಖಚಿತ. ಗಬ್ಬೂರಿನ ಶರಣವ್ವ ನಮ್ಮ ಕಚೇರಿಗೆ ಬಂದದ್ದು ನವೆಂಬರಿನಲ್ಲೋ ಡಿಸೆಂಬರಿನಲ್ಲೋ ಎಂಬುದು ಮರೆತಿದೆ. ಉಡಿಯಲ್ಲಿ ಒಣಗಿದ ಗುರೆಳ್ಳಿನ, ಎಂದರೆ ಹುಚ್ಚೆಳ್ಳಿನ, ತೆನೆ ಕಟ್ಟಿಕೊಂಡು ಬಂದಿದ್ದರು. ಒಂದಿಷ್ಟು ತೆಗೆದು ಅಂಗೈಯಲ್ಲಿ ತಿಕ್ಕಿ ಊದಿದರು. ಅಂಗೈ ಖಾಲಿಯಾಯಿತು.

‘ನೋಡ್ರಿ ಮೇಡಮ್ಮೋರೆ, ಗಟ್ಟಿ ಕಾಳು ಒಂದೂ ನಿಲ್ಲವಲ್ದು. ಎಲ್ಲಾ ಜೊಳ್ಳು.’

ಅವರದು ಕುರಿ ಕಾಯುತ್ತಿದ್ದ ಮನೆತನ, ಈಗ ಒಕ್ಕಲುತನ. ಜೋಳದ ಹೊಲದ ಅಂಚಿಗೆ ನಾಲ್ಕೈದು ಸಾಲು ಗುರೆಳ್ಳು ಹಾಕುತ್ತಾರೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲುವಾಗ, ಎಂದರೆ ಭೂಮಿಗೆ ಅಡುಗೆಯ ಎಡೆ ಕೊಡುವಾಗ, ಆ ಹೊಲದ್ದೇ ಗುರೆಳ್ಳಿನ ಚಟ್ನಿ ಇರಬೇಕು. ಅದು ಅವರ ಅತ್ತೆ ಹಾಕಿಹೋದ ನಿಯಮ. ಬೀಜವೂ ಅತ್ತೆಯ ಕಾಲದ್ದೇ, ವರ್ಷ ವರ್ಷ ಎತ್ತಿಟ್ಟು ಬಿತ್ತಿದ್ದು. ಗುರೆಳ್ಳಿನ ಬೀಜ ಎರಡು ಮೂರು ವರ್ಷ ಕಳೆದರೆ ಸರಿಯಾಗಿ ಮೊಳೆಯುವುದಿಲ್ಲ. ಕಾಳು ಹೀಗೇ ಕಟ್ಟದಿದ್ದರೆ ಆ ಬೀಜ ಅಲ್ಲಿಗೆ ಮುಗಿಯಿತು.

ರಾಯಚೂರಿನ ಬಜಾರಿನಲ್ಲಿ ಗುರೆಳ್ಳು ಸಿಗುತ್ತದಲ್ಲ ಎಂದೆ.

‘ಸಿಗ್ತದ ತಾಯಿ. ಸೊಸಿನೂ ಬ್ಯಾರೆ ಮನಿಯಿಂದ ಸಿಗ್ತಾಳ. ಹೊಟ್ಟಿಲೆ ಹುಟ್ಟಿದ್ದು ಬ್ಯಾರೆ ಅಲ್ಲೇನು?’

ಜೊಳ್ಳು ಎಂದರೆ ಮೊದಲು ಬೋರಾನ್ ಕೊರತೆ ನೋಡುವುದು ನಮ್ಮ ರೂಢಿ. ಅದು ಮಣ್ಣಿನಲ್ಲಿ ತೀರ ಸ್ವಲ್ಪ ಬೇಕಾಗುವ ಒಂದು ಪೋಷಕಾಂಶ. ಮುಂದಿನ ಹಂಗಾಮಿಗೆ ಅದನ್ನು ಸಿಂಪಡಿಸಲು ಹೇಳಿದೆ. 2023ರಲ್ಲಿ, ಅದಕ್ಕೂ ಹಿಂದಿನ ವರ್ಷದ ಉಳಿದ ಬೀಜದಿಂದಲೇ, ಗಿಡ ಎದೆಯೆತ್ತರ ಬೆಳೆದು ಹಳದಿ ಹೂ ತುಂಬಿಕೊಂಡಿತು. ಕಾಳು ಮಾತ್ರ ಕಟ್ಟಲಿಲ್ಲ. ಆಗ ಒಂದು ಬೆಳಿಗ್ಗೆ ಆ ಸಾಲಿನ ಪಕ್ಕ ಕುಳಿತು ಸುಮ್ಮನೆ ನೋಡಿದೆ.

ಗುರೆಳ್ಳಿನ ಗಿಡಕ್ಕೆ ಅದರದೇ ಪರಾಗ ಒಗ್ಗುವುದಿಲ್ಲ, ಬೇರೊಂದು ಗಿಡದ್ದು ಬರಬೇಕು. ತರುವುದು ಜೇನಿನ ಜಾತಿಯ ಕೀಟಗಳು. ಬಿಸಿಲೇರುವ ತನಕ ಕಂಡದ್ದು ಕೆಲವು ನೊಣ, ಒಂದು ಬಿಳಿ ಚಿಟ್ಟೆ. ವಿದ್ಯಾರ್ಥಿನಿಯಾಗಿದ್ದಾಗ ಇಂಥದೇ ಸಾಲಿನಲ್ಲಿ ಬಲೆ ಬೀಸಿದ ನೆನಪಿದೆ. ಒಂದು ಬೀಸಿಗೆ ಸಣ್ಣ ಕಪ್ಪು ಜೇನು ಬಲೆತುಂಬ ಬರುತ್ತಿದ್ದವು. ಹುಟ್ಟು ಕಟ್ಟದ, ತುಪ್ಪ ಕೊಡದ, ಗಟ್ಟಿ ನೆಲದಲ್ಲಿ ಒಂದೊಂದೂ ತನ್ನ ತೂತು ತೋಡಿಕೊಳ್ಳುವ ಜಾತಿ. ಕಚ್ಚುವುದಿಲ್ಲ, ತುಪ್ಪವಿಲ್ಲ, ಹಾಗಾಗಿ ಅದಕ್ಕೆ ಇಲ್ಲಿ ಹೆಸರಿಟ್ಟವರನ್ನು ನಾನು ಕಂಡಿಲ್ಲ.

ಆದರೆ ನಾನು ಅಂದು ಬಲೆ ಬೀಸಿದ ಊರು ಗಬ್ಬೂರೋ ಮಟಮಾರಿಯೋ? ಮನೆಯ ಡಬ್ಬಿಯಲ್ಲಿ ಪಿನ್ನು ಚುಚ್ಚಿಟ್ಟಿದ್ದ ಮಾದರಿಗಳು ಪುಡಿಯಾಗಿದ್ದವು. ಒಂದು ಜಾತಿ ಅಳಿದಿದೆ ಎನ್ನುವ ಮೊದಲು ಅದು ಇತ್ತು ಎಂದು ತೋರಿಸಬೇಕು. ನನ್ನ ಬಳಿ ಇದ್ದದ್ದು ನೆನಪು. ನಮ್ಮ ಶಾಸ್ತ್ರದಲ್ಲಿ ನೆನಪು ಪುರಾವೆಯಲ್ಲ.

ಹೂ ಇನ್ನೂ ಕೆಲವು ದಿನ ಇತ್ತು. ಮೆತ್ತನೆಯ ಹಳೆಯ ಸೀರೆಯನ್ನು ಇಬ್ಬರು ಎರಡು ತುದಿ ಹಿಡಿದು, ಹೂವಿನ ಮೇಲೆ ತಾಗಿಸುತ್ತ ಸಾಲಿನುದ್ದಕ್ಕೂ ನಡೆಯಿರಿ ಎಂದು ಹೇಳಿದೆ. ಸೂರ್ಯಕಾಂತಿಯ ಹೂವಿಗೆ ಬಟ್ಟೆ ಸವರುವ ರೂಢಿಯಿದೆ, ಗುರೆಳ್ಳಿಗೆ ಹೀಗೆ ಮಾಡಿ ಎಂದು ಯಾವ ಪುಸ್ತಕದಲ್ಲೂ ನಾನು ಕಂಡಿಲ್ಲ. ಶರಣವ್ವ ಒಂದು ತುದಿ ಹಿಡಿದರು, ಅವರ ಓರಗಿತ್ತಿ ಮಲ್ಲಮ್ಮ ಇನ್ನೊಂದು.

‘ಮೀನ ಹಿಡಿಯಾಕ ಹೊಂಟೀವೇನ್ ಬೇ?’ ಎಂದರು ಮಲ್ಲಮ್ಮ.

‘ಸುಮ್ಮ ನಡಿ. ಹುಳದ ಕೆಲಸ ಮಾಡಾಕತ್ತೀವಿ.’

‘ಹುಳಕ್ಕ ರೆಕ್ಕಿ ಇದ್ವು. ನನಗ ಮೊಣಕಾಲ ನೋವು ಅದ.’

ನಾನೂ ನಕ್ಕೆನೆಂದು ಕಾಣುತ್ತದೆ. ಹೂ ಉದುರುವ ತನಕ ದಿನಾ ಬೆಳಿಗ್ಗೆ ಇಬ್ಬರೂ ಹಾಗೆ ನಡೆದರು.

ಕೊಯ್ಲಾದ ಮೇಲೆ ಶರಣವ್ವ ನನ್ನೆದುರೇ ಮೊರದಲ್ಲಿ ಕೇರಿದರು. ಜೊಳ್ಳು ಹಾರಿತು. ಉಳಿದದ್ದು ಒಂದು ಹಿಡಿ. ಅದರಲ್ಲಿ ಚಟ್ನಿ ಮಾಡಬಹುದು ಅಥವಾ ಬೀಜಕ್ಕೆ ಇಡಬಹುದು, ಎರಡೂ ಆಗದು. ಆ ಎಳ್ಳಮಾವಾಸ್ಯೆಗೆ ಅವರು ಗುರೆಳ್ಳಿಲ್ಲದೆ ಚರಗ ಚೆಲ್ಲಿದರು. ಮರುದಿನ ಕಾಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟರು.

‘ಭೂಮ್ತಾಯಿಗೆ ಮುಂದ ಕೊಡ್ತೀನಂತ ಹೇಳೀನಿ. ನಮ್ಮ ಹೊಲದಾಗ ಆಗವಲ್ದು. ಎಲ್ಲಿ ಆ ಹುಳಾ ಅದಾವೋ ಅಲ್ಲಿ ಹಾಕ್ರಿ ಯವ್ವಾ, ಹತ್ತು ಕಾಳು ವಾಪಸ್ ತಂದು ಕೊಡ್ರಿ ಸಾಕು.’

ಆಗಲಿ ಎಂದೆ. ನನಗೆ ಏನೂ ಅನ್ನಿಸಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಊಟದ ಡಬ್ಬಿಯನ್ನು ತೆಗೆದೆ, ಮುಚ್ಚಿದೆ.

ಮುಂದಿನ ವರ್ಷ ದೇವದುರ್ಗ, ಮಾನ್ವಿಯ ಕಡೆ ಹೋದಲ್ಲೆಲ್ಲ ಹೊಲದ ಒಡ್ಡುಗಳನ್ನು ನೋಡುತ್ತಿದ್ದೆ. ಹೆಚ್ಚಿನವು ಟ್ರ್ಯಾಕ್ಟರಿಗೆ ಸಿಕ್ಕು ಇಲ್ಲವಾಗಿದ್ದವು. ಉಳಿದವುಗಳಲ್ಲಿ ತೂತುಗಳಿರಲಿಲ್ಲ. ಕೊನೆಗೆ ಕಂಡದ್ದು ಮಾನ್ವಿಯ ಹತ್ತಿರ, ನನ್ನ ಮಾಮುವಿನ ಹತ್ತಿ ಹೊಲದ ಅಂಚಿನಲ್ಲಿ. ಬಂಡೆಗಳಿಂದಾಗಿ ಎಂದೂ ನೇಗಿಲು ತಾಗದ ಒಂದು ತುಂಡು ನೆಲ. ಪೆನ್ಸಿಲ್ಲಿನಷ್ಟು ಸಣ್ಣ ತೂತುಗಳು. ಒಂದರಿಂದ ಕಪ್ಪು ಜೇನು ತಲೆ ಹಾಕಿತು, ನನ್ನ ನೆರಳು ಕಂಡು ಒಳಗೆ ಹೋಯಿತು. ಅದೇ ಜಾತಿ ಎಂದು ಈಗಲೂ ಆಣೆ ಮಾಡಿ ಹೇಳಲಾರೆ. ಸಂತೋಷ ಆಗಬೇಕಿತ್ತು. ಆಗಲಿಲ್ಲ.

ಮಾಮು ನನ್ನ ಅಮ್ಮಿಯ ತಮ್ಮ. ನನ್ನನ್ನು ಓದಿಸಿದವರು. ಮಾನ್ವಿಯಲ್ಲಿ ಅವರಿಗೆ ಬೀಜ, ಗೊಬ್ಬರ, ಎಣ್ಣೆಯ ಅಂಗಡಿ ಇದೆ. ಎಣ್ಣೆ ಎಂದರೆ ಇಲ್ಲಿ ಕೀಟನಾಶಕ. ಆ ಜೇನಿನ ವಿಷಯ, ಎಣ್ಣೆಗೆ ಅವು ಸಾಯುವ ವಿಷಯ ಹೇಳಿದಾಗ ನಕ್ಕು, ನಮ್ಮ ಮನೆಮಾತು ದಖನಿ ಉರ್ದುವಿನಲ್ಲಿ ಅಂದರು: ‘ಇಷ್ಟು ಓದಿ ನೊಣ ಎಣಿಸ್ತೀಯೇನು ಬೇಟಿ?’ ಆಮೇಲೆ, ಬಂಡೆ ತೆಗೆಸಲು ಜೆಸಿಬಿಯವನಿಗೆ ಹೇಳಿಯಾಗಿದೆ ಎಂದರು. ಎಣ್ಣೆ ಮಾರುವವನ ಹೊಲಕ್ಕೇ ಎಣ್ಣೆ ಇಲ್ಲವೆಂದರೆ ಗಿರಾಕಿಗಳು ಏನೆಂದುಕೊಂಡಾರು ಎಂದೂ ಹೇಳಿದರು. ಅವರ ಮಾತಿನಲ್ಲಿ ತಪ್ಪು ಹುಡುಕುವುದು ನನಗೆ ಸುಲಭವಾಗಲಿಲ್ಲ.

ಒಂದು ಜೀವಜಾತಿ ಹೋದಾಗ ಅದು ಮಾಡುತ್ತಿದ್ದ ಕೆಲಸ ಅದರೊಂದಿಗೆ ಹೋಗುವುದಿಲ್ಲ, ಇಲ್ಲೇ ಉಳಿಯುತ್ತದೆ. ಅದನ್ನು ನಮ್ಮ ಕೈಯಿಂದ ಮಾಡಲು ಹೋದರೆ ಒಂದು ಹಿಡಿಯಷ್ಟು ಆಗುತ್ತದೆ. ಹಾನಿ ಮಾಡುವ ಕೀಟಗಳ ಹೆಸರನ್ನೆಲ್ಲ ನಮಗೆ ಬಾಯಿಪಾಠ ಮಾಡಿಸಿದ್ದರು. ದಿನವೂ ಕೆಲಸ ಮಾಡಿ ಹೋಗುವವುಗಳ ಲೆಕ್ಕ ಯಾರೂ ಇಡಲಿಲ್ಲ, ನಾನೂ ಇಡಲಿಲ್ಲ. ಈ ನೌಕರಿ ನನಗೆ ಕಲಿಸಿದ್ದು ಇಷ್ಟು.

ಶರಣವ್ವನ ಕಾಳು ನನ್ನಲ್ಲೇ ಇದೆ. ಈ ಮುಂಗಾರು ದಾಟಿದರೆ ಅದು ಮೊಳೆಯುವ ಭರವಸೆ ಇಲ್ಲ. ಜೆಸಿಬಿಯವನು ಇನ್ನೂ ಬಂದಿಲ್ಲ, ಬಂಡೆ ಅಲ್ಲೇ ಇದೆ. ಹೋದ ತಿಂಗಳು ಅಂಗಡಿಯ ಬೆಂಚಿನ ಮೇಲೆ ಕುಳಿತು ಮಾಮುವನ್ನು ಕೇಳಿದೆ. ಅವರು ಚಹಾ ಬಸಿಗೆ ಸುರಿದುಕೊಂಡು ರಸ್ತೆಯ ಕಡೆ ನೋಡಿದರು. ಇಂದಿಗೂ ಉತ್ತರ ಹೇಳಿಲ್ಲ. ನಾನು ಕೇಳಿದ್ದು: ‘ಮಾಮು, ಆ ಬಂಡೆಯ ಪಕ್ಕ ಈ ಹಿಡಿ ಗುರೆಳ್ಳು ಹಾಕ್ತೀನಿ. ಅದು ಹೂ ಬಿಟ್ಟು ಮುಗಿಯೋ ತನಕ ನಿಮ್ಮ ಹತ್ತಿಗೆ ಎಣ್ಣೆ ಹೊಡೆಯದೆ ಇರ್ತೀರಾ?’